ಬರೆಹದ ಶುದ್ಧಿಯೂ ನುಡಿಯ ಜೀವವೂ

ಬರೆಹವು ಶುದ್ಧವಾಗಿರಬೇಕೆಂಬುದನ್ನು ಬಹಿರಂಗವಾಗಿ ಅಲ್ಲಗಳೆಯುವವರು ವಿರಳ. ಆದರೆ ಶುದ್ಧವೆಂದರೆ ಯಾವುದು, ಅದನ್ನು ನಿರ್ಣಯಿಸುವ ಅಧಿಕಾರ ಯಾರದು, ತಪ್ಪಿ ಬರೆದವನೊಡನೆ ನಡೆದುಕೊಳ್ಳಬೇಕಾದ ರೀತಿ ಎಂತಹುದು ಎಂಬ ಮೂರು ಪ್ರಶ್ನೆಗಳನ್ನು ಎತ್ತಿದೊಡನೆ ಈ ಒಮ್ಮತ ಮುರಿದುಬೀಳುತ್ತದೆ. ಒಂದು ಪಕ್ಷದವರು ಕಾಗುಣಿತ ತಪ್ಪಿದ ಬರೆಹವನ್ನು ಕಂಡೊಡನೆ ಅದನ್ನು ಬರೆದವನ ಯೋಗ್ಯತೆಯನ್ನೇ ಶಂಕಿಸುತ್ತಾರೆ; ಅಂತಹವರಿಗೆ ಪತ್ರಿಕೆಯಲ್ಲಾಗಲಿ ಸಭೆಯ ಸ್ಮರಣ ಸಂಚಿಕೆಯಲ್ಲಾಗಲಿ ಸ್ಥಳ ಕೊಡಬಾರದೆಂದು ವಾದಿಸುತ್ತಾರೆ. ಮತ್ತೊಂದು ಪಕ್ಷದವರು ಅರ್ಥ ತಿಳಿದರೆ ಸಾಕು, ವ್ಯಾಕರಣವೆಂಬುದು ಪಂಡಿತರು ಪಾಮರರ ಕಾಲಿಗೆ ತೊಡಿಸಿದ ಸಂಕೋಲೆ ಎನ್ನುತ್ತಾರೆ. ಹಿಂದೆ ಊರಿಗೆ ನಾಲ್ವರು ಬರೆಯಬಲ್ಲವರಿದ್ದಾಗ ಇದು ವಿದ್ವಾಂಸರ ಜಗುಲಿಯ ಚರ್ಚೆಯಾಗಿತ್ತು. ಇಂದು ಮನೆಮನೆಯಲ್ಲಿಯೂ ಬರೆಯುವವರಿದ್ದಾರೆ. ಬರೆದದ್ದು ಕ್ಷಣಮಾತ್ರದಲ್ಲಿ ನೂರಾರು ಜನರ ಕಣ್ಣಿಗೆ ಬೀಳುತ್ತದೆ. ಆದಕಾರಣ ಎರಡು ಪಕ್ಷಗಳ ವಾದಗಳನ್ನೂ ಒರೆಗೆ ಹಚ್ಚಿ ನೋಡುವುದು ಪ್ರಕೃತ ಅವಶ್ಯವಾಗಿದೆ.

ಈ ವಿಚಾರಕ್ಕೆ ನಮ್ಮ ಹಾಸನ ಸೀಮೆಯಷ್ಟು ಒಪ್ಪುವ ನೆಲ ಮತ್ತೊಂದಿಲ್ಲವೆನ್ನಬಹುದು. ಇಲ್ಲಿಯ ಹಳ್ಳಿಗರ ನಾಲಗೆಯಲ್ಲಿ ಪದದ ಮೊದಲಿನ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹೊಲ ಒಲವಾಗುತ್ತದೆ, ಜಿಲ್ಲೆಯ ಹೆಸರೇ ‘ಆಸ್ನ’ವಾಗುತ್ತದೆ. ಹೊಳೆನರಸೀಪುರಕ್ಕೆ ಹೋಗುವವನು ‘ಒಳೆನರ್ಸೀಪುರ’ಕ್ಕೆ ‘ಓಯ್ತೀನಿ’ ಎನ್ನುತ್ತಾನೆ. ಚನ್ನರಾಯಪಟ್ಟಣ ‘ಚನ್ರಾಯಪಟ್ನ’ವೂ ಅರಕಲಗೂಡು ‘ಅರ್ಕಲ್‌ಗೂಡೂ’ ಆಗುತ್ತವೆ. ಈ ಮಾತನ್ನೇ ಕಲಿತು ಬೆಳೆದ ಬಾಲಕನು ಓದಿಗಾಗಿ ಪಟ್ಟಣದ ವಿದ್ಯಾರ್ಥಿನಿಲಯಕ್ಕೆ ಬಂದು ಸೇರಿದಾಗ ಮೊದಲು ಎದುರಿಸುವುದು ಅನ್ನದ ಚಿಂತೆಯನ್ನಲ್ಲ, ನಗೆಯನ್ನು. ಅವನು ಆಡಿದ ಮಾತನ್ನು ಆಡಿ ತೋರಿಸಿ ನಗುವವರು ಅಲ್ಲಿ ಇದ್ದೇ ಇರುತ್ತಾರೆ. ಆ ನಗೆಗೆ ಅಂಜಿದ ಬಾಲಕನು ಮುಂದೆ ಬೇಕಾದಲ್ಲಿಯೂ ಬೇಡವಾದಲ್ಲಿಯೂ ಹಕಾರವನ್ನು ಹಚ್ಚತೊಡಗುತ್ತಾನೆ. ಆನೆ ಹಾನೆಯಾಗುತ್ತದೆ, ಅಕ್ಕಿ ಹಕ್ಕಿಯಾಗುತ್ತದೆ. ಇದು ಅಜ್ಞಾನದಿಂದ ಹುಟ್ಟಿದ ತಪ್ಪಲ್ಲ, ಭಯದಿಂದ ಹುಟ್ಟಿದ್ದು. ತಪ್ಪನ್ನು ಹಿಡಿಯುವವರು ಸಾಮಾನ್ಯವಾಗಿ ಮರೆಯುವ ಮೊದಲ ಸಂಗತಿಯಿದು: ಅಪಹಾಸ್ಯವು ಒಂದು ತಪ್ಪನ್ನು ತಿದ್ದುವ ಬದಲು ಎರಡನೆಯದನ್ನು ಹುಟ್ಟಿಸುತ್ತದೆ.

ಇನ್ನು, ನಾವು ಇಂದು ಶುದ್ಧವೆಂದು ಎದೆಗೊತ್ತಿಕೊಂಡಿರುವ ಹಕಾರದ ಕುಲವನ್ನಾದರೂ ವಿಚಾರಿಸಿ ನೋಡೋಣ. ಹಳಗನ್ನಡದಲ್ಲಿ ಅದು ಪಕಾರವಾಗಿತ್ತು. ಪಾಲ್ ಎಂಬುದು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಸುಮಾರು ಹತ್ತನೆಯ ಶತಮಾನದಿಂದ ಹದಿನಾಲ್ಕನೆಯ ಶತಮಾನದವರೆಗೆ ನಿಧಾನವಾಗಿ ನಡೆದ ಮಾರ್ಪಾಡು ಇದು. ಹೊಳೆನರಸೀಪುರದ ‘ಹೊಳೆ’ಯನ್ನೇ ತೆಗೆದುಕೊಳ್ಳಿ. ಹಳೆಯ ರೂಪ ‘ಪೊೞೆ’. ಮಲೆಯಾಳದಲ್ಲಿ ಇಂದಿಗೂ ನದಿಗೆ ‘ಪುೞ’ ಎನ್ನುತ್ತಾರೆ. ಪಕಾರ ಹಕಾರವಾಯಿತು, ೞಕಾರ ಳಕಾರವಾಯಿತು. ಆಗ ‘ಹೊಳೆ’ ಸಿದ್ಧವಾಯಿತು. ಹೊಳೆಯ ದಡದ ರೈತನು ಈಗ ಅದನ್ನು ‘ಒಳೆ’ ಎನ್ನುವುದು ಅದೇ ದಾರಿಯ ಮೂರನೆಯ ಹೆಜ್ಜೆ. ಮೊದಲಿನ ಎರಡು ಹೆಜ್ಜೆಗಳನ್ನು ‘ಭಾಷೆಯ ಬೆಳವಣಿಗೆ’ ಎಂದು ಪಾಠ ಹೇಳಿ, ಮೂರನೆಯದನ್ನು ‘ಗಾವಿಲತನ’ ಎಂದು ಕರೆಯುವುದು ನ್ಯಾಯವಾಗಲಾರದು.

ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲೊಂದೆಂದು ಪ್ರಸಿದ್ಧವಾದ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ ದೊರೆತದ್ದು ನಮ್ಮ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬೆಟ್ಟಗಳಲ್ಲಿಯೂ ಸುತ್ತಮುತ್ತಲೂ ಐನೂರರಷ್ಟು ಶಾಸನಗಳು ದೊರೆತಿವೆ. ಏಳನೆಯ ಶತಮಾನದ ಸುಮಾರಿನಿಂದ ಹತ್ತೊಂಬತ್ತನೆಯ ಶತಮಾನದವರೆಗಿನ ಕನ್ನಡದ ನಡೆಯನ್ನು ಒಂದೇ ಊರಿನ ಕಲ್ಲುಗಳಲ್ಲಿ ಓದಬಹುದು. ಒಂದು ಶತಮಾನದವರು ಬಳಸಿದ ಅಕ್ಷರವನ್ನು ಮತ್ತೊಂದು ಶತಮಾನದವರು ಬಿಟ್ಟಿದ್ದಾರೆ. ಒಂದು ಕಾಲದಲ್ಲಿ ಅನಿವಾರ್ಯವಾಗಿದ್ದ ವಿಭಕ್ತಿರೂಪ ಇನ್ನೊಂದು ಕಾಲದಲ್ಲಿ ಮರೆಯಾಗಿದೆ. ನುಡಿ ನಿಂತ ನೀರಲ್ಲವೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ.

ನಮ್ಮ ಜಿಲ್ಲೆಯ ಹಳೇಬೀಡೇ ಹೊಯ್ಸಳರ ದೋರಸಮುದ್ರ. ಹರಿಹರ ಕವಿಯು ಅಲ್ಲಿ ಕರಣಿಕನಾಗಿದ್ದನೆಂದು ಪರಂಪರೆ ಹೇಳುತ್ತದೆ. ಹಿಂದಿನ ಕವಿಗಳು ಪ್ರಾಸದಲ್ಲಿ ರಕಾರ ಱಕಾರಗಳನ್ನೂ ಳಕಾರ ೞಕಾರಗಳನ್ನೂ ಬೆರಸದೆ ಕಟ್ಟುನಿಟ್ಟಾಗಿ ಬೇರೆ ಇಡುತ್ತಿದ್ದರು; ಆ ನಿರ್ಬಂಧವನ್ನು ಹರಿಹರನು ಸಡಿಲಿಸಿದನು. ತನ್ನ ಕಾಲದ ಜನರ ಕಿವಿಗೆ ಕೇಳದ ಭೇದವನ್ನು ತನ್ನ ಕಾವ್ಯದ ಮೇಲೆ ಹೇರಿಕೊಳ್ಳಲು ಅವನು ಒಪ್ಪಲಿಲ್ಲ. ಅವನ ತರುವಾಯ, ಸುಮಾರು 1260ರಲ್ಲಿ, ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸಿದನು. ಜನ್ನನ ಸೋದರಳಿಯನಾದ ಈ ವೈಯಾಕರಣನು ೞಕಾರವುಳ್ಳ ಶಬ್ದಗಳನ್ನು ಒಂದೊಂದಾಗಿ ಎಣಿಸಿ ಪಟ್ಟಿ ಕೊಡುತ್ತಾನೆ. ಆ ಧ್ವನಿ ಎಲ್ಲರ ಬಾಯಲ್ಲಿಯೂ ಸಹಜವಾಗಿ ಉಳಿದಿದ್ದರೆ ಪಟ್ಟಿಯ ಅಗತ್ಯವೇ ಇರುತ್ತಿರಲಿಲ್ಲ. ಬಾಯಿಂದ ಜಾರಿದ್ದನ್ನು ಓಲೆಯಲ್ಲಿ ಕಾಪಾಡುವ ಯತ್ನವದು. ಕೊನೆಗೆ ಗೆದ್ದದ್ದು ಜನರ ಬಾಯಿ. ಆದರೂ ಆ ಪಟ್ಟಿ ವ್ಯರ್ಥವಾಗಲಿಲ್ಲ. ಹಳೆಯ ಕಾವ್ಯಗಳನ್ನು ಇಂದು ನಾವು ಸರಿಯಾಗಿ ಓದಿ ಅರ್ಥೈಸಲು ಅದೇ ದೀಪವಾಗಿದೆ. ನುಡಿಯ ವಿಷಯದಲ್ಲಿ ಹರಿಹರನ ಸ್ವಾತಂತ್ರ್ಯವೂ ಬೇಕು, ಕೇಶಿರಾಜನ ಎಚ್ಚರವೂ ಬೇಕು ಎಂಬುದನ್ನು ಈ ಇಬ್ಬರೂ ಸೇರಿ ಕಲಿಸುತ್ತಾರೆ.

ಕೇಶಿರಾಜನನ್ನು ಕೇವಲ ದಂಡಧಾರಿಯೆಂದು ಎಣಿಸುವವರು ಅವನ ಅಪಭ್ರಂಶ ಪ್ರಕರಣವನ್ನು ಓದಿ ನೋಡಬೇಕು. ಸಂಸ್ಕೃತದ ಶಬ್ದಗಳು ಕನ್ನಡಿಗರ ಬಾಯಲ್ಲಿ ಬೇರೆ ರೂಪ ತಾಳುವುದನ್ನು ಅವನು ಕೆಡುಕೆಂದು ತಳ್ಳಲಿಲ್ಲ. ಅದಕ್ಕೆ ಸೂತ್ರಗಳನ್ನು ಕಟ್ಟಿ ಶಾಸ್ತ್ರದೊಳಗೆ ಪೀಠವಿತ್ತನು. ಶಕಾರ ಷಕಾರಗಳು ಸಕಾರವಾಗುವುದು, ಮಹಾಪ್ರಾಣ ಅಲ್ಪಪ್ರಾಣವಾಗುವುದು ಅವನ ದೃಷ್ಟಿಯಲ್ಲಿ ನಿಯಮಬದ್ಧವಾದ ವ್ಯಾಪಾರ. ಕಥೆ ಕತೆಯಾಗಬಹುದು, ಆಕಾಶ ಆಗಸವಾಗಬಹುದು, ಭಕ್ತಿಯೂ ಬಕುತಿಯಾಗಬಹುದು. ಹೀಗಿರುವಾಗ ‘ಕತೆ’ ಎಂದು ಬರೆದವನನ್ನು ಕೆಂಪು ಶಾಯಿಯಿಂದ ದಂಡಿಸುವ ಉಪಾಧ್ಯಾಯರು ವ್ಯಾಕರಣದ ಪಕ್ಷದಲ್ಲಿ ನಿಂತಿಲ್ಲ, ವ್ಯಾಕರಣದ ಅಲ್ಪಪರಿಚಯದ ಪಕ್ಷದಲ್ಲಿ ನಿಂತಿದ್ದಾರೆ. ಬರೆಹ, ಬರಹ ಎಂಬ ಎರಡು ರೂಪಗಳೂ ಬಳಕೆಯಲ್ಲಿವೆ; ಎರಡರಲ್ಲಿ ಒಂದನ್ನೇ ಹಿಡಿದು ಮತ್ತೊಂದನ್ನು ತಪ್ಪೆಂದು ಸಾರುವುದು ಕಾಲಹರಣ. ತಪ್ಪು ಹಿಡಿಯುವವನಿಗೆ ತಪ್ಪು ಮಾಡುವವನಿಗಿಂತ ಹೆಚ್ಚಿನ ವಿದ್ಯೆ ಬೇಕು.

ಇಷ್ಟು ಹೇಳಿದ ಮಾತ್ರಕ್ಕೆ ಎರಡನೆಯ ಪಕ್ಷದ ವಾದ ಸಿದ್ಧವಾಯಿತೆಂದು ಯಾರೂ ತಿಳಿಯಬಾರದು. ಆ ವಾದದ ಅತ್ಯಂತ ಸಮರ್ಥವಾದ, ಶಾಸ್ತ್ರೀಯವಾದ ರೂಪವನ್ನು ಮಂಡಿಸಿದವರು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’, ‘ಕನ್ನಡ ಬರಹವನ್ನು ಸರಿಪಡಿಸೋಣ’ ಮುಂತಾದ ಗ್ರಂಥಗಳಲ್ಲಿ ಅವರು ಹೇಳುವ ಸಾರಾಂಶವಿಷ್ಟು: ಬಹುಮಂದಿ ಕನ್ನಡಿಗರು ಮಹಾಪ್ರಾಣಗಳನ್ನು ಉಚ್ಚರಿಸುವುದಿಲ್ಲ, ಷಕಾರವನ್ನು ಶಕಾರದಿಂದ ಬೇರೆಯಾಗಿ ನುಡಿಯುವುದಿಲ್ಲ, ಋಕಾರ ಅವರ ಬಾಯಲ್ಲಿಲ್ಲ, ಆದುದರಿಂದ ಈ ಅಕ್ಷರಗಳ ಹೊರೆಯನ್ನು ಬರೆಹದಿಂದ ಇಳಿಸಿದರೆ ಎಲ್ಲರೂ ತಪ್ಪಿಲ್ಲದೆ ಬರೆಯಬಲ್ಲರು. ಈ ವಾದದ ಹಿಂದಿರುವ ಕರುಣೆ ನಿಜವಾದದ್ದು. ಕಾಗುಣಿತದ ತಪ್ಪು ಎಂಬುದು ಹಲವೊಮ್ಮೆ ಬುದ್ಧಿಯ ಕೊರತೆಯಲ್ಲ, ಬಾಯಿಗೂ ಬರೆಹಕ್ಕೂ ನಡುವೆ ಬಿದ್ದ ಅಂತರ ಎಂದು ಅವರು ಕಾಣಿಸಿಕೊಟ್ಟದ್ದು ಸತ್ಯ. ಪ್ರತಿಯೊಬ್ಬನೂ ತನ್ನ ತನ್ನ ಸೀಮೆಯ ಮಾತಿನಂತೆ ಬರೆಯಲಿ ಎಂದು ಅವರು ಹೇಳಿದವರಲ್ಲ. ಎಲ್ಲರಿಗೂ ಒಂದೇ ಬರೆಹವಿರಲಿ, ಅದು ಎಲ್ಲರಿಗೂ ಎಟಕುವಂತಿರಲಿ ಎಂಬುದೇ ಅವರ ಆಶಯ.

ಆದರೆ ಈ ಅಳತೆಗೋಲನ್ನು ಹಾಸನದ ಹೊಲಕ್ಕೆ ತಂದು ಹಿಡಿದಾಗ ತೊಡಕು ಕಾಣುತ್ತದೆ. ಬಾಯಲ್ಲಿಲ್ಲದ್ದನ್ನು ಬರೆಹದಿಂದ ತೆಗೆಯಬೇಕೆಂಬುದು ನಿಯಮವಾದರೆ ನಮ್ಮ ಸೀಮೆಯಲ್ಲಿ ಮೊದಲು ಹೋಗಬೇಕಾದದ್ದು ಮಹಾಪ್ರಾಣವಲ್ಲ, ಹಕಾರ. ಅದು ಹೋದರೆ ಹತ್ತು ಅತ್ತುವಿನಲ್ಲಿ ಮುಳುಗುತ್ತದೆ, ಹಾಡು ಆಡಿನಲ್ಲಿ ಕರಗುತ್ತದೆ, ಹರಸುವುದು ಅರಸುವುದಾಗುತ್ತದೆ. ಧಾರವಾಡದವರ ಬಾಯಲ್ಲಿ ಹಕಾರ ಗಟ್ಟಿಯಾಗಿದೆ. ಹಾಗಾದರೆ ಅದು ಅವರಿಗೆ ಉಳಿಯಬೇಕೆ, ನಮಗೆ ಅಳಿಯಬೇಕೆ? ಬರೆಹವೆಂಬುದು ಯಾವ ಒಂದು ಸೀಮೆಯ ಬಾಯಿಯ ಪಡಿಯಚ್ಚೂ ಅಲ್ಲ. ಅದು ಸೀಮೆ ಸೀಮೆಯವರು ಬಂದು ಕೂಡುವ ಸಂತೆಮಾಳ. ಸಂತೆಯಲ್ಲಿ ಅಳೆಯುವ ಸೇರು ಯಾರ ಮನೆಯದೂ ಆಗಿರುವುದಿಲ್ಲ. ಆದುದರಿಂದಲೇ ಎಲ್ಲರೂ ಅದನ್ನು ನಂಬುತ್ತಾರೆ. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಸ್ಥಾಪಿತವಾದಾಗ, ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಿಗೆ ಏಕರೂಪದ ಗ್ರಂಥಭಾಷೆಯನ್ನು ಒದಗಿಸುವುದು ಅದರ ಉದ್ದೇಶಗಳಲ್ಲೊಂದಾಗಿದ್ದುದು ಈ ಕಾರಣಕ್ಕೆ. ಮೈಸೂರಿನವರು ಬರೆದದ್ದನ್ನು ಕಲಬುರಗಿಯವರು ಓದಬೇಕು, ಕಾಸರಗೋಡಿನವರು ಬರೆದದ್ದನ್ನು ಬೀದರಿನವರು ಓದಬೇಕು. ಮೇಲಾಗಿ ಇಂದಿನ ಬಾಲಕನು ಎಂಟುನೂರು ವರ್ಷಗಳ ಹಿಂದಿನ ಶರಣರ ಮಾತನ್ನೂ ಓದಬೇಕು. ಅಕ್ಷರಗಳನ್ನು ಕಳೆದರೆ ಕಲಿಕೆಯ ಹೊರೆ ಇಳಿಯುವುದು ನಿಜ. ಅದರೊಡನೆ ಹಿಂದಿನವರ ಗ್ರಂಥಭಂಡಾರದ ಬೀಗದ ಕೈಯೂ ಇಳಿದುಹೋಗುತ್ತದೆ.

ಅರ್ಥ ತಿಳಿದರೆ ಸಾಕೆನ್ನುವವರು ಅರ್ಥ ಕೆಡುವ ಬಗೆಯನ್ನೂ ಕಾಣಬೇಕು. ‘ಹೊಳೆ’ಯಲ್ಲಿ ಳಕಾರದ ಬದಲು ಲಕಾರ ಬಿದ್ದರೆ ನದಿ ಹೋಗಿ ಮೈಲಿಗೆ ಬರುತ್ತದೆ. ಬಣ್ಣ ಬನ್ನವಾದರೆ ಸೊಗಸು ಸಂಕಟವಾಗುತ್ತದೆ. ಧನ ದನವಾಗುತ್ತದೆ. ಶರಣರ ಸಾಹಿತ್ಯದಲ್ಲಿ ‘ಅರಿವು’ ಎಂಬುದು ಜೀವಾಳದ ಮಾತು. ಹಕಾರದ ಭಯ ಹಿಡಿದವನು ಅದನ್ನು ‘ಹರಿವು’ ಎಂದು ಅಚ್ಚು ಹಾಕಿಸಿದರೆ ಓದುಗನು ಜ್ಞಾನವನ್ನು ಬಿಟ್ಟು ಪ್ರವಾಹದ ಹಿಂದೆ ಹೋಗುತ್ತಾನೆ. ಕಾಗದಪತ್ರಗಳ ವಿಷಯವನ್ನಂತೂ ರೈತರಿಗೆ ವಿವರಿಸಬೇಕಿಲ್ಲ. ಪಹಣಿಯಲ್ಲಿ ಹೊನ್ನಪ್ಪ, ಬ್ಯಾಂಕಿನ ಪುಸ್ತಕದಲ್ಲಿ ಒನ್ನಪ್ಪ ಎಂದಾದರೆ ಒಂದಕ್ಷರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದವನು ಅವನೇ. ಬರೆಹದ ಶುದ್ಧಿ ಪಂಡಿತರ ಚಪಲವೆನ್ನುವವರು ಈ ಅಲೆದಾಟವನ್ನು ನೋಡಬೇಕು. ಸರಿಯಾದ ಬರೆಹ ದುರ್ಬಲನ ಕೈಯ ಊರುಗೋಲು. ಸಬಲನಿಗೆ ತಪ್ಪು ಬರೆದರೂ ನಡೆಯುತ್ತದೆ, ತಿದ್ದಿಕೊಡುವವರು ಅವನ ಬಳಿ ಇರುತ್ತಾರೆ.

ಸಂತೆಶಿವರದಲ್ಲಿ 1931ರಲ್ಲಿ ಹುಟ್ಟಿ 2025ರಲ್ಲಿ ಕಾಲವಶರಾದ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970) ಕಾದಂಬರಿ ಈ ಎರಡು ಮುಖಗಳನ್ನೂ ಒಂದೇ ಮನೆಯಲ್ಲಿ ತೋರಿಸುತ್ತದೆ. ತಿಪಟೂರು–ಚನ್ನರಾಯಪಟ್ಟಣ ಸೀಮೆಯ ಆ ಮನೆಯಲ್ಲಿ ಜನ ಆಡುವ ಮಾತು ಅಚ್ಚ ಹಳ್ಳಿಯದು. ಬೈಗುಳ, ಗೊಣಗಾಟ, ಅಳಲು ಎಲ್ಲವೂ ಬಾಯಿಂದ ಬಂದಂತೆಯೇ ಬಂದಿವೆ. ಆ ಮಾತುಗಳನ್ನು ಗ್ರಾಂಥಿಕವಾಗಿ ತಿದ್ದಿದ್ದರೆ ಕಾದಂಬರಿಯ ಉಸಿರೇ ನಿಂತುಹೋಗುತ್ತಿತ್ತು. ಅದೇ ಮನೆಯಲ್ಲಿ ಕೈಲಾಗದ ಗಂಡನ ಶ್ಯಾನುಭೋಗಿಕೆಯ ಲೆಕ್ಕವನ್ನು ನಂಜಮ್ಮ ತಾನೇ ಕುಳಿತು ಬರೆಯುತ್ತಾಳೆ. ಅಲ್ಲಿ ಒಂದು ಅಂಕಿ, ಒಂದು ಹೆಸರು ತಪ್ಪುವಂತಿಲ್ಲ. ಆ ಅಚ್ಚುಕಟ್ಟಾದ ಬರೆಹವೇ ಮಕ್ಕಳ ಅನ್ನ. ಮಾತಿಗೆ ಒಂದು ಧರ್ಮ, ಲೆಕ್ಕದ ಬರೆಹಕ್ಕೆ ಇನ್ನೊಂದು ಧರ್ಮ. ಇವೆರಡನ್ನೂ ಒಬ್ಬಳೇ ಹೆಣ್ಣುಮಗಳು ನಿಭಾಯಿಸುತ್ತಾಳೆ. ಪಂಡಿತರು ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತಾರೆ.

ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಇದೇ ಮಾತನ್ನು ಮತ್ತೊಂದು ರೀತಿಯಲ್ಲಿ ಸ್ಥಾಪಿಸುತ್ತದೆ. ಹೆಂಡವನ್ನು ‘ಎಂಡ’ ಎನ್ನುವ ಕುಡುಕ ರತ್ನನನ್ನು ಸೃಷ್ಟಿಸಿದವರು ಜೈನ ಬೌದ್ಧ ಸಾಹಿತ್ಯಗಳಲ್ಲಿ ಕೃಷಿ ಮಾಡಿದ ವಿದ್ವಾಂಸರು. ಹಕಾರ ಎಲ್ಲಿರಬೇಕೆಂದು ಅವರಿಗೆ ತಿಳಿಯದೆ ಇರಲಿಲ್ಲ. ರತ್ನನ ಬಾಯಲ್ಲಿ ಅದು ಎಲ್ಲಿಲ್ಲವೆಂಬುದೂ ಅವರಿಗೆ ತಿಳಿದಿತ್ತು. ದೇವನೂರ ಮಹಾದೇವರು ‘ಕುಸುಮಬಾಲೆ’ಯಲ್ಲಿ (1984) ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪಾತ್ರಗಳ ಸಂಭಾಷಣೆಯನ್ನಷ್ಟೇ ಅಲ್ಲದೆ ಕಥೆಗಾರನ ನಿರೂಪಣೆಯನ್ನೂ ನಂಜನಗೂಡಿನ ಸೀಮೆಯ ಮಾತಿನಲ್ಲಿಯೇ ನಡೆಸಿದರು. ಓದಲು ಕಷ್ಟವೆಂದು ಕೆಲವರು ಗೊಣಗಿದ್ದುಂಟು. ಆದರೆ ಆ ಕಷ್ಟ ಅಜಾಗರೂಕತೆಯ ಫಲವಲ್ಲ. ಎಲ್ಲಿ ಅಕ್ಷರ ಬಿಟ್ಟಿದೆಯೋ ಅಲ್ಲಿ ಅದು ಬಾಯಿಗೆ ನಿಷ್ಠವಾಗಿ ಬಿಟ್ಟಿದೆ. ಬೇಜವಾಬ್ದಾರಿಯಿಂದ ತಪ್ಪಿದ ಬರೆಹಕ್ಕೆ ಈ ಕೃತಿಗಳನ್ನು ಗುರಾಣಿಯಾಗಿ ಹಿಡಿಯುವುದು ಸಲ್ಲದು; ನಿಯಮವನ್ನು ಬಲ್ಲವನು ಬಿಡುವುದೇ ಬೇರೆ, ಅರಿಯದವನು ಎಡವುವುದೇ ಬೇರೆ.

ಎಲ್ಲಿ ತಿದ್ದಬೇಕು, ಎಲ್ಲಿ ತಿದ್ದಬಾರದು ಎಂಬ ವಿವೇಕವನ್ನು ಕಲಿಯಲು ನಮ್ಮ ಗ್ರಂಥಸಂಪಾದಕರ ಪರಂಪರೆಗಿಂತ ಉತ್ತಮವಾದ ಗುರುಕುಲವಿಲ್ಲ. ತಾಳೆಯೋಲೆಗಳಲ್ಲಿ ಪದಪದಗಳ ನಡುವೆ ಬಿಡುವಿರುವುದಿಲ್ಲ. ಎಕಾರ ಒಕಾರಗಳ ಹ್ರಸ್ವ ದೀರ್ಘಗಳನ್ನು ಬೇರೆ ಮಾಡಿ ತೋರಿಸುವ ರೂಢಿಯೂ ಸಾಮಾನ್ಯವಾಗಿರಲಿಲ್ಲ. ಪ್ರತಿಮಾಡಿದ ಲಿಪಿಕಾರರು ಕೊನೆಯಲ್ಲಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ವಿನಯದಿಂದ ಬೇಡಿಕೊಳ್ಳುವುದುಂಟು. ಅಂತಹ ಓಲೆಗಳಿಂದಲೇ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, ಅಂತಹ ಓಲೆಗಳನ್ನೇ ಪರಿಶೀಲಿಸಿದ ವಿದ್ವಾಂಸರ ದುಡಿಮೆಯಿಂದ 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯದ ಹದಿನೈದು ಸಂಪುಟಗಳು ಸರ್ಕಾರದಿಂದ ಪ್ರಕಟವಾದವು. ಡಿ.ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಶಾಸ್ತ್ರರೂಪಕ್ಕೆ ತಂದ ಈ ವಿದ್ಯೆಯ ಮರ್ಮವೆಂದರೆ, ಲಿಪಿಕಾರನ ಕೈತಪ್ಪನ್ನು ಕವಿಯ ನುಡಿಯಿಂದ ಬೇರ್ಪಡಿಸುವುದು. ಲಿಪಿಕಾರನು ಎಡವಿದಲ್ಲಿ ತಿದ್ದಬೇಕು, ತಿದ್ದಿದ್ದನ್ನು ಅಡಿಯಲ್ಲಿ ಹೇಳಬೇಕು. ಕರ್ತೃವಿನ ಕಾಲದ, ಸೀಮೆಯ, ಕಾಯಕದ ಮಾತು ಎಷ್ಟೇ ಒರಟಾಗಿ ಕಂಡರೂ ಅದನ್ನು ಮುಟ್ಟಬಾರದು. ಅಂಬಿಗ, ಮಾದಾರ, ಮಡಿವಾಳ ಶರಣರ ಮಾತನ್ನು ಯಾರಾದರೂ ಮೊದಲು ವ್ಯಾಕರಣದ ಪರೀಕ್ಷೆಗೆ ಕೂರಿಸಿ, ಉತ್ತೀರ್ಣರಾದವರನ್ನು ಮಾತ್ರ ಓಲೆಗೇರಿಸಿದ್ದರೆ ಇಂದು ನಮ್ಮ ಕೈಯಲ್ಲಿ ಏನು ಉಳಿಯುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ಈ ವಿವೇಕವನ್ನು ನಮ್ಮ ನಿತ್ಯದ ವ್ಯವಹಾರಕ್ಕೆ ಇಳಿಸಿದರೆ ಮೂರು ಬಗೆಯ ಬರೆಹಗಳು ಕಾಣುತ್ತವೆ. ಹಿರಿಯರಿಂದ ಬಂದ ಪಠ್ಯ ಮೊದಲನೆಯದು. ಅದನ್ನು ಉದ್ಧರಿಸುವಾಗ ಒಂದಕ್ಷರ ಕೂಡ ತಪ್ಪಬಾರದು, ಒಂದಕ್ಷರ ಕೂಡ ಸುಧಾರಿಸಬಾರದು. ಜಾತ್ರೆಯ ಕರಪತ್ರದಲ್ಲಿಯೂ ಗೋಡೆಯ ಮೇಲೆಯೂ ವಚನವನ್ನು ತಪ್ಪಾಗಿ ಬರೆಸುವುದು ಯಾವ ಕಾರಣದಿಂದಲೂ ಕ್ಷಮ್ಯವಲ್ಲ. ಎರಡನೆಯದು, ಹಲವರಿಗೆ ತಿಳಿವಳಿಕೆ ನೀಡುವ ಬರೆಹ: ಪಠ್ಯಪುಸ್ತಕ, ಪತ್ರಿಕೆ, ಪ್ರಕಟಣೆ, ಊರಿನ ಹೆಸರಿನ ಫಲಕ. ಇಲ್ಲಿ ಏಕರೂಪತೆ ಬೇಕು. ಆದರೆ ಆ ಹೊಣೆ ಅಚ್ಚು ಹಾಕಿಸುವವನದು, ಬರೆದುಕೊಟ್ಟವನದಲ್ಲ. ಹಾಸನದ ಆಲೂಗಡ್ಡೆಯ ರೋಗವನ್ನು, ಅರಕಲಗೂಡಿನ ಹೊಗೆಸೊಪ್ಪಿನ ಕಷ್ಟವನ್ನು, ಚನ್ನರಾಯಪಟ್ಟಣದ ತೆಂಗಿನ ತೋಟದ ಬವಣೆಯನ್ನು ಬಲ್ಲ ರೈತನು ನಾಲ್ಕು ಪುಟ ಬರೆದು ತಂದರೆ, ಅವನ ತಿಳಿವನ್ನು ಉಳಿಸಿ ಕಾಗುಣಿತವನ್ನು ಸದ್ದಿಲ್ಲದೆ ತಿದ್ದಿ ಅಚ್ಚಿಗೆ ಕೊಡುವುದೇ ಸಂಪಾದಕನ ಕಾಯಕ. ತಪ್ಪಿದೆಯೆಂದು ಹಿಂದಿರುಗಿಸಿದರೆ ಅವನು ಮತ್ತೆ ಬರೆಯುವುದಿಲ್ಲ; ಅವನ ತಿಳಿವು ಅವನೊಡನೆಯೇ ಮಣ್ಣಾಗುತ್ತದೆ. ಅದು ಬೇರಾವ ಗ್ರಂಥದಲ್ಲಿಯೂ ಸಿಕ್ಕುವಂಥದಲ್ಲ. ಮೂರನೆಯದು, ಮನುಷ್ಯನು ತನ್ನ ಸುಖದುಃಖವನ್ನು ತನ್ನವರೊಡನೆ ಹಂಚಿಕೊಳ್ಳುವ ಬರೆಹ: ತಾಯಿಯು ಮಗನಿಗೆ ಬರೆದ ಕಾಗದ, ಗೆಳೆಯರ ನಡುವಿನ ಓಲೆ, ಹೆಣ್ಣುಮಗಳೊಬ್ಬಳು ಬರೆದಿಟ್ಟ ಸೋಬಾನೆಯ ಪದ. ಕೇಳದ ಹೊರತು ಇಲ್ಲಿ ತಿದ್ದಲು ಯಾರಿಗೂ ಹಕ್ಕಿಲ್ಲ.

ಕೇಳಿದಾಗ ತಿದ್ದುವ ಬಗೆಗೂ ನಮ್ಮಲ್ಲಿ ಮೇಲ್ಪಂಕ್ತಿಯುಂಟು. 1913ರಿಂದ 2021ರವರೆಗೆ ತುಂಬು ಬಾಳನ್ನು ಬಾಳಿದ ಜಿ. ವೆಂಕಟಸುಬ್ಬಯ್ಯನವರು ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟಿಗೆ ಪ್ರಧಾನ ಸಂಪಾದಕರಾಗಿದ್ದವರು. ಅಷ್ಟು ದೊಡ್ಡ ವಿದ್ವಾಂಸರು ‘ಪ್ರಜಾವಾಣಿ’ಯಲ್ಲಿ 1991ರಿಂದ ‘ಇಗೋ ಕನ್ನಡ’ ಎಂಬ ಅಂಕಣವನ್ನು ನಡೆಸಿ, ಸಾಮಾನ್ಯ ಓದುಗರು ಕೇಳಿದ ಶಬ್ದಸಂದೇಹಗಳಿಗೆ ಉತ್ತರಿಸುತ್ತ ಬಂದರು. ಒಂದು ರೂಪ ಸಾಧುವೋ ಅಲ್ಲವೋ ಎಂಬ ತೀರ್ಪಿಗಷ್ಟೇ ನಿಲ್ಲದೆ, ಆ ಶಬ್ದ ನಡೆದುಬಂದ ದಾರಿಯನ್ನೂ ಕಾಣಿಸುತ್ತಿದ್ದರು. ಕೇಳಿದವನು ಕುಗ್ಗಿ ಹೋಗಲಿಲ್ಲ, ಇನ್ನೊಂದು ಪ್ರಶ್ನೆಯೊಡನೆ ಮರಳಿ ಬಂದನು. ಶುದ್ಧ ಕನ್ನಡವನ್ನು ಹಬ್ಬಿಸಬೇಕೆನ್ನುವವರು ಅನುಸರಿಸಬೇಕಾದ ಮಾರ್ಗವಿದು. ತಪ್ಪುಗಳ ಪಟ್ಟಿ ಮಾಡಿ ತೂಗುಹಾಕುವವರಿಂದ ಯಾವ ಭಾಷೆಯೂ ಬೆಳೆದುದಿಲ್ಲ.

ವಿದ್ಯಾರ್ಥಿನಿಲಯಗಳ ಕೈಬರೆಹದ ಪತ್ರಿಕೆಗಳಲ್ಲಿ ಮೊದಲು ಬರೆಯಲು ಕಲಿತು ಇಂದು ಉಪಾಧ್ಯಾಯರೂ ಅಧಿಕಾರಿಗಳೂ ಆಗಿರುವ ಹಳೆಯ ವಿದ್ಯಾರ್ಥಿಗಳು ನಮ್ಮ ವಾಚಕರಲ್ಲಿ ಅನೇಕರಿದ್ದಾರೆ. ಈಗ ತಿದ್ದುವ ಲೇಖನಿ ಅವರ ಕೈಯಲ್ಲಿದೆ. ನಿಯಮವನ್ನು ಬಿಟ್ಟುಕೊಡಿರೆಂದು ಅವರನ್ನು ಕೇಳುತ್ತಿಲ್ಲ. ನಿಯಮವನ್ನು ಚೆನ್ನಾಗಿ ಕಲಿಸಿರಿ, ಕಲಿಯುವವರೆಗೆ ಕಾಯಿರಿ ಎಂದಷ್ಟೇ ಪ್ರಾರ್ಥನೆ. ಮಗುವಿಗೆ ಹಕಾರವನ್ನು ಕಲಿಸುವಾಗ, ಅದರ ತಾಯಿ ಆಡುವ ‘ಆಲು’ ಹೀನವಲ್ಲವೆಂಬುದನ್ನೂ ಜೊತೆಯಲ್ಲಿಯೇ ಕಲಿಸಬೇಕು. ಹಾಗೆ ಕಲಿತ ಮಗು ಬರೆಯುವಾಗ ತಪ್ಪುವುದಿಲ್ಲ, ಮನೆಗೆ ಹೋದಾಗ ತಾಯಿಯ ಮಾತಿಗೆ ನಾಚುವುದೂ ಇಲ್ಲ.